ಪದ ಪರಿಚಯ: ರಿಮೂವ್

ಈ ಸಲದ ಇಂಗ್ಲಿಷ್ ಪದ ‘ರಿಮೂವ್’. ಕಲೆ ತೆಗೆಯಲು, ಮುಚ್ಚಳ ತೆಗೆಯಲು, ಚಪ್ಪಲಿ ಬಿಡಲು ಇದೇ ಸಾಕು. ಆದರೆ ನಮ್ಮ ‘ತೆಗೆ’ಗೆಲ್ಲ ಇದು ಹೊಂದದು. ಬಾಗಿಲು ತೆಗೆಯುವುದು ‘ಓಪನ್’, ಫೋಟೋ ತೆಗೆಯುವುದು ‘ಟೇಕ್’. ಬಾಗಿಲನ್ನು ‘ರಿಮೂವ್’ ಮಾಡಿ ಅಂದರೆ ಕಿತ್ತೇ ಇಟ್ಟಾರು!

ಅರ್ಜಿಯಲ್ಲಿ ಇದರ ತಂಗಿ ‘ಡಿಲೀಷನ್’ ಕಂಡರೆ ಜೋಪಾನ. ಚನ್ನರಾಯಪಟ್ಟಣದ ಮಗಳು ಮದುವೆಯಾಗಿ ಅರಕಲಗೂಡಿಗೆ ಹೋದಳೆನ್ನಿ. ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ನಮೂನೆ 7. ಹೊಸ ವಿಳಾಸಕ್ಕೆ ವರ್ಗಾಯಿಸಲು 2022ರಿಂದ ನಮೂನೆ 8. ಬರೀ 7 ಕೊಟ್ಟರೆ ತವರಲ್ಲಿ ಹೆಸರು ಹೋಯಿತು, ಗಂಡನ ಮನೆಯಲ್ಲಿ ಸೇರಲಿಲ್ಲ, ವೋಟೂ ಇಲ್ಲ. ಸಹಿ ಹಾಕುವ ಮೊದಲು ಕೇಳಿ: ಹೆಸರು ತೆಗೆಯೋದಾ, ವರ್ಗಾಯಿಸೋದಾ?