ಅಟ್ಟದ ಮೇಲಿನ ಬಂಡವಾಳ

ಕಲ್ಪನೆಯೊಂದಿದ್ದರೆ ಸಿರಿ ತಾನಾಗಿ ಬರುವುದೆಂದು ಉಪದೇಶಿಸುವವರು ಈಚೆಗೆ ಬಹಳ. ಅಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಧಾರವಾಡದ ಸುಭಾಸ ರಸ್ತೆಯ ಅಟ್ಟ. 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ ಜಿ. ಬಿ. ಜೋಶಿಯವರು ಬರಿಯ ಕನಸುಗಾರರಲ್ಲ. ಅಚ್ಚಾದ ಪುಸ್ತಕಕ್ಕೆ ಗಿರಾಕಿಯನ್ನು ಹುಡುಕುವ ಬದಲು ಓದುಗನನ್ನೇ ಮೊದಲು ಚಂದಾದಾರನನ್ನಾಗಿ ಮಾಡಿಕೊಂಡರು; ಅವನ ಮುಂಗಡವೇ ಬಂಡವಾಳ. ಪೇಟೆಯ ವ್ಯಾಪಾರಿಯೂ ಮೆಚ್ಚತಕ್ಕ ಲೆಕ್ಕವಿದು! ಆದರೆ ಓದದ ಪುಸ್ತಕಕ್ಕೆ ಮೊದಲೇ ಹಣ ಕೊಡುವುದೆಂದರೆ ಪ್ರಕಾಶಕನ ಅಭಿರುಚಿಗೇ ಸಾಲ ಕೊಟ್ಟಂತೆ. ಆ ಸಾಲ ಹೇಗೆ ತೀರಿತೆಂಬುದನ್ನು ಬಲ್ಲಿರಿ: 1961ರಲ್ಲಿ, ಇನ್ನೂ ಹೆಸರಾಗದ ತರುಣ ಗಿರೀಶ ಕಾರ್ನಾಡರ ‘ಯಯಾತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’. ಸಂಪತ್ತನ್ನು ರೂಪಾಯಿಯಲ್ಲಿ ಮಾತ್ರ ಎಣಿಸುವವರಿಗೆ ಈ ಉದಾಹರಣೆ ರುಚಿಸಲಿಕ್ಕಿಲ್ಲ. ಪುಸ್ತಕ ಮಾರಾಟವಾಗದೆಂದು ಕೊರಗುವ ನಮ್ಮ ತರುಣ ಪ್ರಕಾಶಕರನ್ನು ಮಾತ್ರ ನಾನು ಕೇಳಬಯಸುತ್ತೇನೆ: ಚಂದಾ ವಹಿಯನ್ನು ಹಿಡಿದು ಶಿಕ್ಷಕರ, ವಿದ್ಯಾರ್ಥಿಗಳ ಮನೆಬಾಗಿಲಿಗೆ ನೀವು ಎಷ್ಟು ಸಲ ಹೋಗಿದ್ದೀರಿ?