ಕಲ್ಲನ್ನು ತಿನ್ನುವ ಉಪ್ಪು

ಮರುಭೂಮಿಯಲ್ಲಿ ಮಳೆ ಅಪರೂಪ, ಪಾಚಿಯ ಕಾಟವಿಲ್ಲ. ಅಲ್ಲಿನ ಸಮಾಧಿಕಲ್ಲಿಗೆ ಆರೈಕೆಯೇ ಬೇಡ ಎನ್ನಿಸುವುದು ಸಹಜ. ಅದು ನಿಜವಲ್ಲ. ಅಲೆಕ್ಸಾಂಡ್ರಿಯದಿಂದ ಪಶ್ಚಿಮಕ್ಕೆ ಸುಮಾರು 130 ಕಿ.ಮೀ. ದೂರದ ಎಲ್ ಅಲಮೇನ್ ಯುದ್ಧ ಸ್ಮಶಾನವನ್ನೇ ನೋಡಿ. ಎರಡನೇ ಮಹಾಯುದ್ಧದಲ್ಲಿ ಮಡಿದ ಕಾಮನ್‌ವೆಲ್ತ್ ದೇಶಗಳ ಏಳು ಸಾವಿರಕ್ಕೂ ಹೆಚ್ಚು ಯೋಧರು ಅಲ್ಲಿ ಮಣ್ಣಾಗಿದ್ದಾರೆ; ಎಂಟುನೂರಕ್ಕೂ ಹೆಚ್ಚು ಮಂದಿಯ ಗುರುತೇ ಸಿಕ್ಕಿಲ್ಲ. ದಹನವಾದ 600ಕ್ಕೂ ಹೆಚ್ಚು ಮಂದಿಗೆ ಪ್ರತ್ಯೇಕ ಸ್ಮಾರಕವಿದೆ. ಭಾರತದ 4ನೇ ಡಿವಿಷನ್ ಕಾದಾಡಿದ ನೆಲವದು.

ಇಂಥ ಕರಾವಳಿ ಮರುಭೂಮಿಯಲ್ಲಿ ಕಲ್ಲಿನ ದೊಡ್ಡ ಶತ್ರು ಉಪ್ಪು. ಕಡಲಗಾಳಿಯಿಂದಲೂ ನೆಲದ ತೇವದಿಂದಲೂ ಅದು ಸುಣ್ಣಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ಬಿಸಿಲಿಗೆ ನೀರು ಆರಿದಾಗ ಒಳಗೇ ಹರಳುಗಟ್ಟಿ ಕಲ್ಲನ್ನು ಒತ್ತುತ್ತದೆ. ಮೇಲ್ಮೈ ಹಪ್ಪಳದಂತೆ ಎದ್ದು ಉದುರುತ್ತದೆ. ಉಳಿದ ಅಕ್ಷರಗಳನ್ನು ಮರಳುಗಾಳಿ ಸವೆಸುತ್ತದೆ.

ಇದಕ್ಕಿಂತ ಕೆಡುಕು ಅವಸರದ ರಿಪೇರಿ. ತಂತಿಬ್ರಷ್, ಆಸಿಡ್, ರಭಸದ ನೀರು ಒಂದೇ ದಿನದಲ್ಲಿ ಗಾಳಿಯ ಹತ್ತಾರು ವರ್ಷದ ಕೆಲಸ ಮುಗಿಸುತ್ತವೆ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ತೇವ ಹೊರಬರಲು ದಾರಿಯಿಲ್ಲದೆ ಪಕ್ಕದ ಮೆದುಕಲ್ಲೇ ಒಡೆಯುತ್ತದೆ. ಅಲ್ಲಿ ಸುಣ್ಣದ ಗಾರೆಯೇ ಸರಿ. ಸಮಾಧಿಯ ಬುಡದಲ್ಲಿ ಹಸಿರು ಹುಲ್ಲು ಬೇಕೆಂಬ ಹಟವೂ (ಇಂಗ್ಲೆಂಡಿನ ಚರ್ಚಿನಂಗಳದ ನೆನಪಿರಬೇಕು) ದುಬಾರಿಯೇ: ನೀರುಣಿಸಿದಷ್ಟೂ ಉಪ್ಪು ಮೇಲೇರುತ್ತದೆ. ಬರ ತಾಳುವ ಗಿಡಗಳು ಸಾಕು.

ಅಕ್ಷರ ಓದಲಾಗದಷ್ಟು ಸವೆದರೆ ಮತ್ತೆ ಕೆತ್ತಬೇಕು, ಅದೂ ಆಗದಿದ್ದರೆ ಕಲ್ಲನ್ನೇ ಬದಲಿಸಬೇಕು. ಸ್ಮರಣೆಯ ದಿನದ ಹೂಮಾಲೆಗಿಂತ ಕಲ್ಲುಕುಟಿಗರ ವರ್ಷವಿಡೀ ಸಂಬಳಕ್ಕೆ ಸರ್ಕಾರಗಳು ಮೊದಲು ಹಣ ತೆಗೆದಿಡಲಿ.