ಮಾಲೀಕನ ದೇಹವೂ ಬಂಡವಾಳವೇ: ಹಗರೆಯ ಮಣ್ಣುದಾರಿ ಮತ್ತು ಮೌಂಟೇನ್ ಬೈಕ್

ಕಾರ್ಖಾನೆಯ ಯಂತ್ರಕ್ಕೆ ವಿಮೆಯಿದೆ, ಗೋದಾಮಿನ ಸರಕಿಗೆ ವಿಮೆಯಿದೆ, ಸಾಗಣೆಯ ಲಾರಿಗೂ ವಿಮೆಯಿದೆ. ಆದರೆ ಸಣ್ಣ ಉದ್ದಿಮೆಯಲ್ಲಿ ಖರೀದಿ, ಮಾರಾಟ, ಬಾಕಿ ವಸೂಲಿ, ಬ್ಯಾಂಕಿನ ವ್ಯವಹಾರ, ಜಿ.ಎಸ್.ಟಿ. ರಿಟರ್ನ್ ಎಲ್ಲವನ್ನೂ ಒಬ್ಬನೇ ಹೊತ್ತಿರುವ ಮಾಲೀಕನ ದೇಹಸ್ಥಿತಿಯನ್ನು ಯಾವ ಅಢಾವೆ ಪತ್ರಿಕೆಯೂ ತೋರಿಸುವುದಿಲ್ಲ. ದೊಡ್ಡ ಕಂಪನಿಯಲ್ಲಿ ವ್ಯವಸ್ಥಾಪಕರೊಬ್ಬರು ಮೂರು ತಿಂಗಳು ಹಾಸಿಗೆ ಹಿಡಿದರೆ ಮತ್ತೊಬ್ಬರು ಆ ಕುರ್ಚಿಯಲ್ಲಿ ಕೂರುತ್ತಾರೆ. ನಮ್ಮ ಅಂಗಡಿಯ ಬಾಗಿಲು ಮೂರು ತಿಂಗಳು ಮುಚ್ಚಿದರೆ ಗಿರಾಕಿ ಬೇರೆ ಅಂಗಡಿಯ ದಾರಿ ಹಿಡಿಯುತ್ತಾನೆ, ಬಾಕಿದಾರ ಬಾಕಿಯನ್ನೇ ಮರೆಯುತ್ತಾನೆ. ಯಂತ್ರದ ಸವಕಳಿಯನ್ನು ವರ್ಷವರ್ಷವೂ ಲೆಕ್ಕ ಹಾಕುವ ನಾವು ಈ ಸವಕಳಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಈ ಸವಕಳಿ ಕಲ್ಪನೆಯದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು, ವಯಸ್ಕರಲ್ಲಿ ಶೇ. 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆಯೆಂದೂ ತಿಳಿಸಿತು. ಕುಳಿತು ದುಡಿಯುವವರ ಪಾಡು 1953ರಷ್ಟು ಹಿಂದೆಯೇ ವೈದ್ಯಲೋಕಕ್ಕೆ ಗೋಚರಿಸಿತ್ತು. ಆ ವರ್ಷ ಪ್ರಕಟವಾದ ಜೆರ್ರಿ ಮಾರಿಸ್ ಅವರ ಪ್ರಸಿದ್ಧ ಅಧ್ಯಯನದಲ್ಲಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಮೆಟ್ಟಿಲನ್ನು ದಿನವಿಡೀ ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗಿಂತ, ಕುಳಿತೇ ಇರುತ್ತಿದ್ದ ಚಾಲಕರಲ್ಲಿ ಹೃದ್ರೋಗ ಗಣನೀಯವಾಗಿ ಹೆಚ್ಚಾಗಿತ್ತು. ಬಸ್ಸು ಒಂದೇ, ಹೊಗೆಯೂ ಒಂದೇ. ವ್ಯತ್ಯಾಸವಿದ್ದುದು ಮುಖ್ಯವಾಗಿ ಕಾಲುಗಳಿಗೆ ದೊರೆತ ಕೆಲಸದಲ್ಲಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ನಮಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಪರಿಹಾರಗಳು ಹಲವಿವೆ. ಅವುಗಳಲ್ಲಿ ನಮ್ಮ ಪ್ರದೇಶಕ್ಕೆ ವಿಶೇಷವಾಗಿ ಒಗ್ಗುವ ಒಂದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಅದುವೇ ಮೌಂಟೇನ್ ಬೈಕ್. ಇಲ್ಲಿ ಬೈಕ್ ಎಂದರೆ ಮೋಟಾರು ಬೈಕಲ್ಲ. ಅಗಲವಾದ ಟೈರು, ಹಲವು ಗೇರು, ಬಲವಾದ ಬ್ರೇಕು, ಮುಂಭಾಗದಲ್ಲಿ ಆಘಾತ ತಡೆಯುವ ಫೋರ್ಕು ಇರುವ ಸೈಕಲ್ಲು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಪ್ರಾಂತ್ಯದ ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಮಾರ್ಪಡಿಸಿ ಬೆಟ್ಟದ ದಾರಿಯಲ್ಲಿ ಓಡಿಸಿದುದರಿಂದ ಬೆಳೆದ ಈ ಕ್ರೀಡೆ 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು. ನಮ್ಮ ರಾಜ್ಯಕ್ಕೂ ಇದು ಹೊಸತಲ್ಲ. ವಿಜಯಪುರ, ಬಾಗಲಕೋಟೆ ಭಾಗ ಸೈಕಲ್ ಪಟುಗಳಿಗೆ ಹೆಸರಾದುದು. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ಗದಗದಲ್ಲೇ ನಡೆಯಿತು.

ದೇಹಕ್ಕೆ ಆಗುವ ಲಾಭವನ್ನು ಮೊದಲು ನೋಡೋಣ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಶ್ರಮ ಒಂದೇ ಸಮನಾಗಿರುತ್ತದೆ. ಏರುತಗ್ಗಿನ ಮಣ್ಣುದಾರಿಯಲ್ಲಿ ಏರು ಬಂದಾಗ ಹೃದಯ ವೇಗವಾಗಿ ದುಡಿಯುತ್ತದೆ, ಇಳಿಜಾರಿನಲ್ಲಿ ಸುಧಾರಿಸಿಕೊಳ್ಳುತ್ತದೆ. ಹೀಗೆ ದುಡಿಮೆ ಮತ್ತು ವಿಶ್ರಾಂತಿ ಒಂದರ ಹಿಂದೊಂದು ಬರುವುದು ಹೃದಯಕ್ಕೂ ಶ್ವಾಸಕೋಶಕ್ಕೂ ಉತ್ತಮ ತರಬೇತಿ. ದೇಹದ ಅತಿ ದೊಡ್ಡ ಸ್ನಾಯುಗಳು ತೊಡೆ ಮತ್ತು ಸೊಂಟದ ಹಿಂಭಾಗದಲ್ಲಿವೆ. ಅವು ದುಡಿಯುವಾಗ ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ದೇಹದ ತೂಕವನ್ನು ಬಹುಪಾಲು ಸೀಟು ಹೊರುವುದರಿಂದ ಓಟಕ್ಕಿಂತ ಮಂಡಿಗೆ ಪೆಟ್ಟು ಕಡಿಮೆ. ಒರಟು ದಾರಿಯಲ್ಲಿ ತೋಳು, ಬೆನ್ನು, ಹೊಟ್ಟೆಯ ಸ್ನಾಯುಗಳೂ ಸಮತೋಲನಕ್ಕಾಗಿ ದುಡಿಯಲೇಬೇಕು. ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕುರಿತ 2017ರ ಅಧ್ಯಯನವೊಂದರಲ್ಲಿ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರ ಮರಣಾಪಾಯ ವಾಹನದಲ್ಲಿ ಹೋಗುವವರದಕ್ಕಿಂತ ಶೇ. 41ರಷ್ಟು ಕಡಿಮೆಯಿತ್ತು. ಅದಷ್ಟೂ ಸೈಕಲ್ಲಿನ ಫಲವೇ ಎಂದು ಹೇಳಲಾಗದಿದ್ದರೂ ಅಲಕ್ಷಿಸುವಂಥ ಅಂತರ ಇದಲ್ಲ.

ಮನಸ್ಸಿನ ಲಾಭ ವ್ಯಾಪಾರಸ್ಥರಿಗೆ ಇನ್ನೂ ಮುಖ್ಯವಾದುದು. ನಮ್ಮ ಚಿಂತೆಗಳಿಗೆ ಅಂಗಡಿ ಮುಚ್ಚುವ ವೇಳೆಯೆಂಬುದಿಲ್ಲ. ಹಿಂತಿರುಗಿದ ಚೆಕ್ಕು, ಏರುವ ಬಡ್ಡಿ, ಬಾರದ ಬಾಕಿ ಇವು ಹಾಸಿಗೆಯವರೆಗೂ ಹಿಂಬಾಲಿಸುತ್ತವೆ. ಉದ್ಯಾನದಲ್ಲಿ ನಡೆಯುವಾಗಲೂ ಇವೇ ಮಾತು. ಆದರೆ ಕಲ್ಲು, ಕೊರಕಲು, ಬೇರುಗಳ ನಡುವೆ ಸೈಕಲ್ ಓಡಿಸುವವನ ಕಣ್ಣು ಮುಂದಿನ ಹತ್ತು ಅಡಿ ದಾರಿಯನ್ನು ಕ್ಷಣಕ್ಷಣವೂ ಆರಿಸಿಕೊಳ್ಳಬೇಕಾಗುತ್ತದೆ. ಬಾಕಿಯ ಪಟ್ಟಿಗೆ ಅಲ್ಲಿ ಜಾಗವಿಲ್ಲ. ದಾರಿಯ ಪರಿಸರಕ್ಕೂ ಬೆಲೆಯಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಸಿರಿನ ನಡುವೆ 90 ನಿಮಿಷ ನಡೆದವರಲ್ಲಿ ಒಂದೇ ಕೊರಗನ್ನು ಮೆಲುಕು ಹಾಕುವ ಪ್ರವೃತ್ತಿ ಇಳಿಯಿತು. ವಾಹನದಟ್ಟಣೆಯ ರಸ್ತೆಯ ಬದಿ ನಡೆದವರಲ್ಲಿ ಇಳಿಯಲಿಲ್ಲ. ಪ್ರಯೋಗ ನಡಿಗೆಯದಾದರೂ, ಹೆದ್ದಾರಿಯನ್ನು ಬಿಟ್ಟು ಹೊಲದ ದಾರಿ ಹಿಡಿಯಲು ಅದು ಸಾಕಷ್ಟು ಕಾರಣ ನೀಡುತ್ತದೆ.

ಅಂಥ ದಾರಿ ನಮ್ಮಲ್ಲಿ ಧಾರಾಳವಾಗಿದೆ. ಹಾಸನ–ಬೇಲೂರು ಹೆದ್ದಾರಿಯಿಂದ ಹಳೇಬೀಡಿಗೆ ಕವಲೊಡೆಯುವ ಹಗರೆ, ಮಲೆನಾಡೂ ಬಯಲುಸೀಮೆಯೂ ಕೂಡುವ ಅರೆಮಲೆನಾಡಿನ ಊರು. ಸುತ್ತಲೂ ಬಂಡಿದಾರಿ, ಕೆರೆ ಏರಿ, ತೆಂಗಿನ ತೋಟದ ಬದಿಯ ಜಾಡುಗಳಿವೆ. ಹಳೇಬೀಡಿನ ಕಡೆಗೆ ಸಾಗಿದರೆ ದ್ವಾರಸಮುದ್ರದ ಕೆರೆಯಿದೆ. ಏರು ಬಯಸುವವರಿಗೆ ಪುಷ್ಪಗಿರಿಯಿದೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಹೊಯ್ಸಳ ದೇಗುಲಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೂರದೂರದವರು ನಮ್ಮ ಊರಿನ ತಿರುವಿನಲ್ಲೇ ಹಾದುಹೋಗುತ್ತಿದ್ದಾರೆ. ನಾವು ಮಾತ್ರ ಅದೇ ದಾರಿಯಲ್ಲಿ ಕಾರಿನ ಗಾಜು ಏರಿಸಿಕೊಂಡು ಸಾಗುತ್ತಿದ್ದೇವೆ.

ನಮಗಿರುವ ನಿಜವಾದ ಅಡ್ಡಿ ಗುಡ್ಡವಲ್ಲ, ಘನತೆ. ಸಣ್ಣ ಊರಿನಲ್ಲಿ ವ್ಯಾಪಾರ ನಡೆಯುವುದು ನಂಬಿಕೆಯ ಮೇಲೆ. ಮಾಲೀಕರು ಸೈಕಲ್ ತುಳಿದರೆ 'ವ್ಯಾಪಾರ ಇಳಿಯಿತೇನೋ' ಎಂದು ಜನ ಆಡಿಕೊಂಡಾರು, ಸಾಲ ಕೊಟ್ಟವರು ಮರುದಿನವೇ ವಿಚಾರಿಸಿಯಾರು ಎಂಬ ಅಳುಕು ಹಲವರಲ್ಲಿದೆ. ಈ ಅಳುಕನ್ನು ಹಗುರಾಗಿ ಕಾಣಬೇಕಿಲ್ಲ. ಆದರೆ ಹಾಲಿನ ಕ್ಯಾನು, ತೆಂಗಿನಕಾಯಿ ಚೀಲಗಳನ್ನು ಸೈಕಲ್ಲಿಗೆ ಕಟ್ಟಿ ವ್ಯಾಪಾರ ಬೆಳೆಸಿದವರು ನಮ್ಮ ಹಿರಿಯರೇ. ಒಬ್ಬನೇ ತುಳಿದರೆ ಪ್ರಶ್ನೆ ಏಳುತ್ತದೆ. ಹತ್ತು ಮಂದಿ ವರ್ತಕರು ಹೆಲ್ಮೆಟ್ ಧರಿಸಿ ಕೂಡಿ ಹೊರಟರೆ ಅದು ಊರಿನ ಪದ್ಧತಿಯಾಗುತ್ತದೆ.

ಖರ್ಚೂ ಮಿತಿಯಲ್ಲಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ನೋಟಕ್ಕೆ ಮಾತ್ರ ಮೌಂಟೇನ್ ಬೈಕಿನಂತಿರುವ ಅಗ್ಗದ ಸರಕಿನ ಬಗ್ಗೆ ಎಚ್ಚರ ಬೇಕು. ಅಗ್ಗದ ಹಿಂಬದಿ ಸ್ಪ್ರಿಂಗು ಭಾರವನ್ನಷ್ಟೇ ಹೆಚ್ಚಿಸುತ್ತದೆ. ಆ ಹಣಕ್ಕೆ ಒಳ್ಳೆಯ ಬ್ರೇಕು, ಗೇರು, ನಮ್ಮ ಎತ್ತರಕ್ಕೆ ಹೊಂದುವ ಚೌಕಟ್ಟು ಕೊಳ್ಳುವುದು ಲೇಸು.

ಅಪಾಯಗಳನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಬಿದ್ದರೆ ಮೂಳೆ ಮುರಿಯಬಹುದು. ಹೆಲ್ಮೆಟ್ ಇಲ್ಲದೆ ಹೊರಡಲೇಬಾರದು. ನಲವತ್ತು ದಾಟಿದವರು, ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆ ಇರುವವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಗ್ಲೂಕೋಸನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟಗಳಲ್ಲಿ ಕಾಡಾನೆಗಳ ಹಾವಳಿಯಿರುವುದರಿಂದ ಮುಂಜಾನೆಯ ಮಬ್ಬಿನಲ್ಲಿ ಆ ದಿಕ್ಕಿಗೆ ಹೋಗುವುದು ಸಲ್ಲದು. ಹಗರೆ–ಹಳೇಬೀಡಿನ ಬಯಲಿನ ದಾರಿಯೇ ಆರಂಭಿಕರಿಗೆ ತಕ್ಕುದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮವನ್ನು ಸೂಚಿಸುತ್ತದೆ. ವಾರದಲ್ಲಿ ಮೂರು ಬೆಳಗು, ತಲಾ 50 ನಿಮಿಷ ತುಳಿದರೆ ಲೆಕ್ಕ ಸರಿಹೋಯಿತು. ಅಂಗಡಿ ತೆರೆಯುವ ವೇಳೆಗೆ ಮನೆ ಸೇರಿರಬಹುದು. ಆದಕಾರಣ ನಮ್ಮ ಸಂಸ್ಥೆಯು ಪ್ರತಿ ಭಾನುವಾರ ಮುಂಜಾನೆ ಹಗರೆಯಿಂದ ಹಳೇಬೀಡಿನ ದಿಕ್ಕಿಗೆ ಸದಸ್ಯರ ಸೈಕಲ್ ಸವಾರಿಯನ್ನು ಏರ್ಪಡಿಸಬೇಕೆಂಬುದು ನನ್ನ ಸಲಹೆ. ಮೊದಲ ದಿನವೇ ಎಲ್ಲರ ರಕ್ತದೊತ್ತಡ, ಸಕ್ಕರೆ, ತೂಕಗಳನ್ನು ಬರೆದಿಟ್ಟು, ಆರು ತಿಂಗಳ ಬಳಿಕ ಮತ್ತೆ ಅಳೆಯಲಿ. ಲಾಭ ನಷ್ಟಗಳನ್ನು ಅಂಕಿಯಲ್ಲೇ ನಂಬುವ ವರ್ತಕರು ನಾವು; ಈ ಲೆಕ್ಕವನ್ನೂ ಅಂಕಿಗಳೇ ತೀರ್ಮಾನಿಸಲಿ.